ಟೈರಿಗೆ ನೈಟ್ರೋಜನ್: ಯಂತ್ರಕ್ಕೆ ನಾಲ್ಕೂವರೆ ಸ್ಟಾರ್, ತುಂಬುವ ರೀತಿಗೆ ಎರಡೂವರೆ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿ ಹೆಸರು ಕೇಳಬೇಡಿ. ನೆಲಮಂಗಲ ದಾಟಿದ ಮೇಲೆ ಹೆದ್ದಾರಿ ಪಕ್ಕ ಒಂದು ಟೈರ್ ಅಂಗಡಿ ಇದೆ, ಅದೇ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ. ಎರಡೂ ಕಡೆ ನಮ್ಮ ಕಾರಿಗೆ ನೈಟ್ರೋಜನ್ ತುಂಬಿಸಿದ್ದೇನೆ. ಒಂದು ಕಡೆ ಖುಷಿಯಾಯಿತು, ಇನ್ನೊಂದು ಕಡೆ ಮೈ ಉರಿಯಿತು. ಆದರೆ ಎರಡೂ ಕಡೆ ಇದ್ದಿದ್ದು ಒಂದೇ ಬಗೆಯ ಯಂತ್ರ, ಗೋಡೆಗೆ ಹಾಕಿದ್ದ ಬೋರ್ಡ್ ಮೇಲಿನ ಮಾತುಗಳೂ ಹೆಚ್ಚುಕಮ್ಮಿ ಅವೇ. ಹಾಗಾಗಿ ಇದನ್ನು ಒಂದು ಅಂಗಡಿಯ ರಿವ್ಯೂ ಅನ್ನುವುದಕ್ಕಿಂತ ಈ ಸೇವೆಯ ರಿವ್ಯೂ ಅಂತ ಓದಿಕೊಳ್ಳಿ.

ನನ್ನ ಅಭಿಪ್ರಾಯ ಇಷ್ಟೇ. ಆ ಯಂತ್ರ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಅದರ ಹೆಸರು ಹೇಳಿ ಮಾರುವ ಮಾತುಗಳಲ್ಲಿ ಅರ್ಧ ಸುಳ್ಳು. ಉಳಿದ ಅರ್ಧ ನಿಜ ನಿಮಗೆ ಸಿಗುತ್ತದೋ ಇಲ್ಲವೋ ಅನ್ನುವುದು ಪೈಪು ಹಿಡಿದ ಹುಡುಗನಿಗೆ ಎರಡು ನಿಮಿಷ ತಾಳ್ಮೆ ಇದೆಯಾ ಅನ್ನುವುದರ ಮೇಲೆ ನಿಂತಿದೆ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ಪೀಣ್ಯದಲ್ಲಿ ತಿಂಡಿ ಪ್ಯಾಕ್ ಮಾಡುವ ಒಂದು ಘಟಕದಲ್ಲಿ ಕೆಲಸ ಮಾಡಿದವನು ನಾನು. ಚಿಪ್ಸ್, ಕೋಡುಬಳೆ ಪ್ಯಾಕೆಟ್‌ಗಳು ಉಬ್ಬಿಕೊಂಡಿರುತ್ತವಲ್ಲ, ಅದರೊಳಗೆ ಇರುವುದು ನೈಟ್ರೋಜನ್. ಎಣ್ಣೆ ತಿಂಡಿ ಕಮಟು ವಾಸನೆ ಹೊಡೆಯಬಾರದು ಅಂತ. ಅದನ್ನು ತಯಾರಿಸಲು ಅಲ್ಲಿ ಇದೇ ತರಹದ, ಆದರೆ ಆಳೆತ್ತರದ ಯಂತ್ರ ಇತ್ತು. ಟೈರ್ ಅಂಗಡಿಯಲ್ಲಿರುವುದು ಅದರ ಮರಿ.

ಯಂತ್ರದ ಹತ್ತಿರ ನಿಂತು ಸುಮ್ನೆ ನೋಡಿ. ಒಂದು ಕಂಪ್ರೆಸರ್, ಗಾಳಿಯಲ್ಲಿರುವ ನೀರು ಮತ್ತು ಎಣ್ಣೆ ತೆಗೆಯುವ ಫಿಲ್ಟರ್‌ಗಳು, ಬೀರುವಿನಂಥ ಡಬ್ಬದೊಳಗೆ ಅಕ್ಕಪಕ್ಕ ನಿಂತ ಎರಡು ಕೊಳವೆಗಳು, ಆಮೇಲೆ ತಯಾರಾದ ಗ್ಯಾಸ್ ಕೂಡಿಡುವ ಒಂದು ಟ್ಯಾಂಕ್. ನಿಮಿಷಕ್ಕೊಂದು ಸಲ "ಭುಸ್ಸ್" ಅಂತ ಜೋರಾಗಿ ಉಸಿರು ಬಿಡುತ್ತದೆ. ಆ ಸದ್ದು ಕೇಳಿಸಿದರೆ ನಿಮ್ಮ ಎದುರಿಗಿರುವುದು ಇದ್ದಿಲಿನ ಯಂತ್ರ ಅಂತ ತಿಳಿಯಿರಿ. ಸದ್ದೇ ಇಲ್ಲದೆ ಗ್ಯಾಸ್ ಬರುತ್ತಿದ್ದರೆ ಅದು ಬೇರೆ ಜಾತಿ, ಕೂದಲಿನಷ್ಟು ಸಣ್ಣ ಪ್ಲಾಸ್ಟಿಕ್ ನಳಿಗೆಗಳಲ್ಲಿ ಗಾಳಿ ಹಾಯಿಸಿ ಬೇರೆ ಮಾಡುವಂಥದ್ದು. ಅದೂ ಕೆಲಸ ಮಾಡುತ್ತದೆ, ಆದರೆ ಇದರಷ್ಟು ಸ್ವಾರಸ್ಯ ಇಲ್ಲ.

ನಾನು ಹೋದಾಗ ಒಬ್ಬರು ಹಿರಿಯರು ಆ ಹುಡುಗನನ್ನು ಕೇಳುತ್ತಿದ್ದರು, "ನೈಟ್ರೋಜನ್ ಸಿಲಿಂಡರ್ ಎಲ್ಲಿಂದ ತರಿಸ್ತೀಯಪ್ಪ?" ಅವನು, "ಸಿಲಿಂಡರ್ ಏನೂ ಇಲ್ಲ ಸಾರ್, ಇದೇ ಗಾಳಿಯಿಂದ ತೆಗೆಯುತ್ತೆ" ಅಂದ. ಹಿರಿಯರು ನಂಬಲಿಲ್ಲ. ನಂಬದಿದ್ದರೂ ಅವನು ಹೇಳಿದ್ದು ಸರಿ. ಗಾಳಿಯಲ್ಲಿ ನೂರಕ್ಕೆ 78 ಭಾಗ ನೈಟ್ರೋಜನ್ ಆಗಲೇ ಇದೆ. 21 ಭಾಗ ಆಕ್ಸಿಜನ್. ಒಂದಕ್ಕಿಂತ ಸ್ವಲ್ಪ ಕಮ್ಮಿ ಆರ್ಗಾನ್. ಆಕ್ಸಿಜನ್ ಹಿಡಿದಿಟ್ಟುಕೊಂಡರೆ ಸಾಕು, ಉಳಿದಿದ್ದು ನೈಟ್ರೋಜನ್. ಹಿಡಿದಿಟ್ಟುಕೊಳ್ಳುವ ಕೆಲಸ ಆ ಎರಡು ಕೊಳವೆಗಳಲ್ಲಿ ತುಂಬಿರುವ ಕರಿ ಕಾಳುಗಳದ್ದು. ಅವು ಇದ್ದಿಲು. ಕಲ್ಲಿದ್ದಲಿನಿಂದಲೋ ತೆಂಗಿನ ಕರಟದಿಂದಲೋ ಮಾಡಿದ್ದು.

ಇದ್ದಿಲು ಗಾಳಿಯನ್ನು ಹಿಡಿಯುತ್ತದೆ ಅನ್ನುವುದು ಹೊಸ ಸಂಗತಿ ಏನಲ್ಲ, 1770ರ ದಶಕದಲ್ಲೇ ಯುರೋಪಿನಲ್ಲಿ ಶೀಲೆ ಮತ್ತು ಫಾಂಟಾನಾ ಅನ್ನುವ ವಿಜ್ಞಾನಿಗಳು ಇದನ್ನು ನೋಡಿ ಬರೆದಿಟ್ಟಿದ್ದರು. ಇದ್ದಿಲಿನೊಳಗೆ ಕಣ್ಣಿಗೆ ಕಾಣದ ಸಂದುಗಳು ಕೋಟಿಗಟ್ಟಲೆ ಇರುತ್ತವೆ. ಆ ಸಂದುಗಳ ಗೋಡೆಯನ್ನೆಲ್ಲ ಬಿಚ್ಚಿ ಹರಡಿದರೆ, ಒಳ್ಳೆ ಜಾತಿಯ ಒಂದೇ ಒಂದು ಗ್ರಾಂ ಇದ್ದಿಲಿಗೆ ಸುಮಾರು 1000 ಚದರ ಮೀಟರ್ ಮೈ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಜಮೀನು. ಗಾಳಿಯ ಅಣುಗಳು ಈ ಮೈಗೆ ಬಂದು ಅಂಟಿಕೊಳ್ಳುತ್ತವೆ. ಸ್ಪಂಜು ನೀರು ಕುಡಿದ ಹಾಗೆ ಒಳಗೆ ಕರಗಿ ಹೋಗುವುದಲ್ಲ ಇದು, ಗೋಡೆಗೆ ಮೆತ್ತಿಕೊಂಡು ಕೂರುವುದು ಅಷ್ಟೆ. ಯಾವ ರಾಸಾಯನಿಕ ಕ್ರಿಯೆಯೂ ನಡೆಯುವುದಿಲ್ಲ, ಇದ್ದಿಲು ಸುಡುವುದಿಲ್ಲ, ಖರ್ಚಾಗುವುದಿಲ್ಲ. ಹಿಡಿತ ತೀರಾ ಸಡಿಲ. ಒತ್ತಡ ಹೆಚ್ಚಿಸಿದರೆ ಜಾಸ್ತಿ ಅಣುಗಳು ಕೂರುತ್ತವೆ, ಇಳಿಸಿದರೆ ಎದ್ದು ಹೋಗುತ್ತವೆ. ಇಡೀ ಯಂತ್ರ ನಿಂತಿರುವುದು ಈ ಒಂದು ಗುಣದ ಮೇಲೆ.

ಈಗ ತಮಾಷೆ ನೋಡಿ. ಈ ಇದ್ದಿಲಿಗೆ ಆಕ್ಸಿಜನ್ ಕಂಡರೆ ವಿಶೇಷ ಪ್ರೀತಿ ಅಂತ ಏನೂ ಇಲ್ಲ. ಸಾಕಷ್ಟು ಹೊತ್ತು ಬಿಟ್ಟರೆ ಎರಡನ್ನೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಹಿಡಿಯುತ್ತದೆ. ಹಾಗಿದ್ದರೆ ಬೇರೆ ಮಾಡುವುದು ಹೇಗೆ? ಬಾಗಿಲಿನಲ್ಲಿ. ಆಕ್ಸಿಜನ್ ಅಣುವಿನ ಅಗಲ 0.346 ನ್ಯಾನೋಮೀಟರ್, ನೈಟ್ರೋಜನ್‌ದು 0.364. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ನ್ಯಾನೋಮೀಟರ್, ಅದರಲ್ಲಿ ಮತ್ತೆ ಇಷ್ಟು ಸಣ್ಣ ವ್ಯತ್ಯಾಸ. ಕಾಳು ಮಾಡುವವರು ಇದ್ದಿಲಿನ ಸಂದುಗಳ ಬಾಯಿಯನ್ನು ಬೇಕೆಂದೇ ಕಿರಿದು ಮಾಡುತ್ತಾರೆ. ಇಂಗಾಲ ಇರುವ ಆವಿಯನ್ನು ಬಿಸಿ ಇದ್ದಿಲಿನ ಮೇಲೆ ಹಾಯಿಸಿ, ಆ ಇಂಗಾಲ ಬಾಯಿಯ ಸುತ್ತ ಕಟ್ಟಿಕೊಳ್ಳುವ ಹಾಗೆ ಮಾಡುತ್ತಾರೆ. ಆಗ ಆಕ್ಸಿಜನ್ ಸಲೀಸಾಗಿ ನುಗ್ಗುತ್ತದೆ, ನೈಟ್ರೋಜನ್ ತಡವರಿಸುತ್ತದೆ. ಮೆಜೆಸ್ಟಿಕ್‌ನಲ್ಲಿ ಬಸ್ ಬಂದಾಗ ಕೈ ಬೀಸಿಕೊಂಡು ಬಂದ ಸಣಕಲು ಹುಡುಗರು ಸರಕ್ಕನೆ ಒಳಗೆ ಹೋಗಿ ಸೀಟು ಹಿಡಿಯುತ್ತಾರೆ, ಎರಡು ಬ್ಯಾಗ್ ಹೊತ್ತವರು ಫುಟ್‌ಬೋರ್ಡ್ ಹತ್ತಿರವೇ ಸಿಕ್ಕಿಹಾಕಿಕೊಳ್ಳುತ್ತಾರಲ್ಲ, ಹಾಗೆ. ಹತ್ತು ನಿಮಿಷ ಬಸ್ ನಿಂತರೆ ಅವರೂ ಹತ್ತುತ್ತಾರೆ. ಡ್ರೈವರ್ ಒಂದೇ ನಿಮಿಷಕ್ಕೆ ಗಾಡಿ ತೆಗೆದರೆ ಒಳಗಿರುವುದು ಹುಡುಗರು ಮಾತ್ರ, ಹೊರಗೆ ಉಳಿದವರು ಬ್ಯಾಗಿನವರು. ಆ ಉಳಿದವರೇ ನಿಮ್ಮ ಟೈರಿಗೆ ಹೋಗುವ ನೈಟ್ರೋಜನ್.

ಅದಕ್ಕೇ ಆ ನಿಮಿಷದ ಲೆಕ್ಕ. ಒಂದು ಕೊಳವೆಗೆ ಏಳೆಂಟು ಬಾರ್, ಅಂದರೆ ಹೊರಗಿನ ಗಾಳಿಯ ಸುಮಾರು ಏಳೆಂಟು ಪಟ್ಟು ಒತ್ತಡದಲ್ಲಿ ಗಾಳಿ ನುಗ್ಗುತ್ತದೆ, ಆಕ್ಸಿಜನ್ ಕಾಳುಗಳಲ್ಲಿ ಕೂರುತ್ತದೆ, ನೈಟ್ರೋಜನ್ ಮೇಲಿನಿಂದ ಟ್ಯಾಂಕಿಗೆ ಹೋಗುತ್ತದೆ. ಕಾಳುಗಳು ಭರ್ತಿಯಾಗುವ ಹೊತ್ತಿಗೆ ವಾಲ್ವ್‌ಗಳು ತಿರುಗಿ, ಗಾಳಿ ಪಕ್ಕದ ಕೊಳವೆಗೆ ಹೋಗುತ್ತದೆ, ಮೊದಲನೆಯದು ಬಾಯಿ ತೆರೆದು ಒತ್ತಡ ಕಳೆದುಕೊಳ್ಳುತ್ತದೆ. ಭುಸ್ಸ್! ಹಿಡಿದಿದ್ದ ಆಕ್ಸಿಜನ್ ಎಲ್ಲ ಹೊರಗೆ. ಬಿಸಿ ಮಾಡುವ ಗೋಜಿಲ್ಲ, ತೊಳೆಯುವ ಗೋಜಿಲ್ಲ. ಬರೀ ಒತ್ತಡ ಏರಿಸು, ಇಳಿಸು. ಇದನ್ನು ಸುಲಭದ ಯಂತ್ರವಾಗಿ ಮಾಡಿ ತೋರಿಸಿದವನು ಅಮೆರಿಕದ ಎಸ್ಸೋ ಕಂಪನಿಯಲ್ಲಿದ್ದ ಚಾರ್ಲ್ಸ್ ಸ್ಕಾರ್‌ಸ್ಟ್ರಾಮ್. ಅವನಿಗೆ ಪೇಟೆಂಟ್ ಸಿಕ್ಕಿದ್ದು 1960ರಲ್ಲಿ. ಅಂದಹಾಗೆ ಆ ಭುಸ್ ಅನ್ನುವ ಗಾಳಿಯಲ್ಲಿ ಆಕ್ಸಿಜನ್ ಮಾಮೂಲಿಗಿಂತ ಜಾಸ್ತಿ ಇರುತ್ತದೆ. ಆ ಪೈಪಿನ ಬಾಯಿ ಹತ್ತಿರ ಯಾರಾದರೂ ಬೀಡಿ ಹಚ್ಚಿಕೊಂಡು ನಿಂತಿದ್ದರೆ ದೂರ ಕಳಿಸಿ. ಟೈರ್ ಅಂಗಡಿಯಲ್ಲಿ ನಾನು ಇದನ್ನು ಹೇಳಿದಾಗ ಯಜಮಾನರು ತಕ್ಷಣ ಒಪ್ಪಿ ಕುರ್ಚಿ ಆಚೆ ಹಾಕಿಸಿದರು, ಅದಕ್ಕೆ ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿದ್ದೇನೆ.

"ಒತ್ತಡ ಇನ್ನೂ ಜಾಸ್ತಿ ಮಾಡಿದರೆ ಇನ್ನೂ ಜಾಸ್ತಿ ಹಿಡಿಯುತ್ತಲ್ಲ, ಇಪ್ಪತ್ತು ಬಾರ್ ಯಾಕೆ ಕೊಡಲ್ಲ?" ಅಂತ ಪೀಣ್ಯದಲ್ಲಿ ಹೊಸಬರು ಕೇಳುತ್ತಿದ್ದರು. ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲಾಂಗ್‌ಮ್ಯೂರ್ 1918ರಲ್ಲಿ ಬರೆದ ಲೆಕ್ಕದಲ್ಲಿದೆ. ಗೋಡೆಯ ಮೇಲೆ ಜಾಗ ಖಾಲಿ ಇರುವಾಗ ಒತ್ತಡ ಸ್ವಲ್ಪ ಏರಿಸಿದರೂ ಅಣುಗಳು ದಬದಬ ಬಂದು ಕೂರುತ್ತವೆ. ಜಾಗ ತುಂಬುತ್ತ ಬಂದ ಹಾಗೆ ಏರಿಸಿದಷ್ಟೂ ಲಾಭ ಕಮ್ಮಿ. ಒತ್ತಡ ಎರಡು ಪಟ್ಟು ಮಾಡಿದರೆ ಹಿಡಿಯುವುದು ಎರಡು ಪಟ್ಟು ಆಗುವುದಿಲ್ಲ, ಕರೆಂಟ್ ಬಿಲ್ ಮಾತ್ರ ಏರುತ್ತದೆ. ಮೇಲ್ಮೈಗಳ ಮೇಲಿನ ಕೆಲಸಕ್ಕಾಗಿ ಲಾಂಗ್‌ಮ್ಯೂರ್‌ಗೆ 1932ರಲ್ಲಿ ನೊಬೆಲ್ ಬಂತು. ಏಳೆಂಟು ಬಾರ್‌ಗೆ ನಿಲ್ಲುವ ಟೈರ್ ಅಂಗಡಿಯ ಯಂತ್ರ ಆ ಲೆಕ್ಕವನ್ನು ದಿನಾ ಪಾಲಿಸುತ್ತಿದೆ, ಅಂಗಡಿಯವರಿಗೆ ಗೊತ್ತಿಲ್ಲದೆ.

ಇನ್ನೊಂದು ವಿಷಯ, ಈ ಕಾಳುಗಳನ್ನು ಗಾಳಿಯಿಂದ ನೈಟ್ರೋಜನ್ ತೆಗೆಯಲು ಹದ ಮಾಡಿದ್ದು 1970ರ ದಶಕದಲ್ಲಿ ಜರ್ಮನಿಯ ಎಸ್ಸೆನ್ ಊರಿನ ಬೆರ್ಗ್‌ಬೌ ಫೋರ್ಶುಂಗ್ ಅನ್ನುವ ಸಂಸ್ಥೆ. ಅದು ಕಲ್ಲಿದ್ದಲು ಗಣಿಗಳ ಸಂಶೋಧನಾ ಸಂಸ್ಥೆ. ಗಣಿಯವರಿಗೆ ಈ ಬುದ್ಧಿ ಹೊಳೆದಿದ್ದರಲ್ಲಿ ಆಶ್ಚರ್ಯ ಇಲ್ಲ. ನೆಲದಡಿಯ ಕಲ್ಲಿದ್ದಲು ಕೋಟ್ಯಂತರ ವರ್ಷಗಳಿಂದ ಮಾಡುತ್ತಿರುವುದು ಇದನ್ನೇ. ಅದರ ಸಂದುಗಳಲ್ಲಿ ಮೀಥೇನ್ ಅನ್ನುವ ಉರಿಯುವ ಗ್ಯಾಸ್ ಅಂಟಿಕೊಂಡು ಕೂತಿರುತ್ತದೆ, ಮೇಲಿನ ಮಣ್ಣು, ಬಂಡೆ, ನೀರಿನ ಒತ್ತಡ ಅದನ್ನು ಅಲ್ಲೇ ಕೂರಿಸಿರುತ್ತದೆ. ಗಣಿ ತೋಡಿದರೆ ಒತ್ತಡ ಇಳಿದು ಮೀಥೇನ್ ಬಿಟ್ಟುಕೊಳ್ಳುತ್ತದೆ, ಗಾಳಿಯಲ್ಲಿ ಅದು 5ರಿಂದ 15 ಭಾಗದ ಒಳಗೆ ಸೇರಿದರೆ ಒಂದು ಕಿಡಿ ಸಾಕು. ಗಣಿ ಕಾರ್ಮಿಕರನ್ನು ಕೊಂದ ಅದೇ ಗುಣವನ್ನು ಈಗ ಲಾಭಕ್ಕೂ ಬಳಸುತ್ತಾರೆ. ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ 2007ರಿಂದ, ಮಧ್ಯಪ್ರದೇಶದ ಸೊಹಾಗ್‌ಪುರದಲ್ಲಿ 2017ರಿಂದ ಕಲ್ಲಿದ್ದಲನ್ನು ಅಗೆಯದೆ ಬರೀ ಗ್ಯಾಸ್ ತೆಗೆದು ಮಾರುತ್ತಿದ್ದಾರೆ. ಕೊಳವೆಬಾವಿ ಕೊರೆದು ಮೊದಲು ನೀರು ಎತ್ತುತ್ತಾರೆ. ನೀರು ಹೋದ ಹಾಗೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದ ಹಾಗೆ ಕಲ್ಲಿದ್ದಲು ಗ್ಯಾಸ್ ಬಿಡುತ್ತದೆ. ಶುರುವಿನಲ್ಲಿ ತಿಂಗಳುಗಟ್ಟಲೆ ಬರೀ ನೀರೇ ಬರುವುದೂ ಉಂಟು. ಟೈರ್ ಅಂಗಡಿಯಲ್ಲಿ ನಿಮಿಷಕ್ಕೊಂದು ಸಲ ಆಗುವುದು ಅಲ್ಲಿ ವರ್ಷಗಟ್ಟಲೆ ನಿಧಾನವಾಗಿ ಆಗುತ್ತದೆ.

2021ರ ಏಪ್ರಿಲ್‌ನಲ್ಲಿ ಆಕ್ಸಿಜನ್‌ಗಾಗಿ ಊರೂರು ಅಲೆದಿದ್ದು ಯಾರಿಗೆ ನೆನಪಿಲ್ಲ? ಆ ಹೊತ್ತಲ್ಲಿ ಐಐಟಿ ಬಾಂಬೆಯವರು ಇಂಥದ್ದೇ ಒಂದು ನೈಟ್ರೋಜನ್ ಯಂತ್ರ ತಗೊಂಡು, ಒಳಗಿನ ಇದ್ದಿಲು ಕಾಳು ತೆಗೆದು ಜಿಯೋಲೈಟ್ ಅನ್ನುವ ಕಾಳು ತುಂಬಿ, ಅದರಿಂದ 93ರಿಂದ 96 ಭಾಗ ಶುದ್ಧ ಆಕ್ಸಿಜನ್ ತೆಗೆದು ತೋರಿಸಿದರು. ಜಿಯೋಲೈಟ್‌ನ ಸ್ವಭಾವ ಉಲ್ಟಾ, ಅದು ನೈಟ್ರೋಜನ್ ಹಿಡಿದು ಆಕ್ಸಿಜನ್ ಬಿಡುತ್ತದೆ. ಕಂಪ್ರೆಸರ್, ಕೊಳವೆ, ವಾಲ್ವ್ ಎಲ್ಲ ಅವೇ. ಸುದ್ದಿ ಓದಿ ನಾನಂತೂ ಪೀಣ್ಯದ ಹಳೆ ಗೆಳೆಯರಿಗೆಲ್ಲ ಫೋನ್ ಮಾಡಿದ್ದೆ.

ಇಷ್ಟು ಯಂತ್ರದ ಮಾತಾಯಿತು. ನಾಲ್ಕೂವರೆ ಸ್ಟಾರ್ ಯಾಕೆ ಅಂತ ಗೊತ್ತಾಯಿತು ಅಲ್ವಾ. ಈಗ ಅಂಗಡಿಯ ಮಾತು.

ಗೋಡೆಯ ಬೋರ್ಡಿನಲ್ಲಿ ಮೊದಲ ಸಾಲು: "ನೈಟ್ರೋಜನ್ ಬಿಸಿಗೆ ಹಿಗ್ಗುವುದಿಲ್ಲ, ಟೈರ್ ಸಿಡಿಯುವುದಿಲ್ಲ". ಇದು ಶುದ್ಧ ಸುಳ್ಳು. ಬಿಸಿಯಾದರೆ ಎಲ್ಲ ಗಾಳಿಯೂ ಹಿಗ್ಗುತ್ತದೆ, ನೈಟ್ರೋಜನ್ ಏನೂ ದೇವರಲ್ಲ. ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿಕೊಂಡು ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 27 ಡಿಗ್ರಿಯಲ್ಲಿ 33 ಪಿಎಸ್‌ಐ (ಟೈರಿನ ಒತ್ತಡದ ಅಳತೆ) ತುಂಬಿದ ಟೈರು, ಹೆದ್ದಾರಿಯಲ್ಲಿ ಓಡಿ 57 ಡಿಗ್ರಿಗೆ ಬಿಸಿಯಾದರೆ ಒತ್ತಡ ಸುಮಾರು 38ಕ್ಕೆ ಬರುತ್ತದೆ. ಒಣ ಗಾಳಿ ತುಂಬಿದರೂ ಅಷ್ಟೇ, ನೈಟ್ರೋಜನ್ ತುಂಬಿದರೂ ಅಷ್ಟೇ. ಅದಕ್ಕೇ ಕಂಪನಿಯವರು ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಬರೆದ ಅಳತೆ ತಣ್ಣಗಿರುವ ಟೈರಿಗೆ ಅಂತ ಇರುತ್ತದೆ. ಓಡಿ ಬಂದ ಟೈರು 38 ತೋರಿಸಿತು ಅಂತ ಗಾಳಿ ಬಿಡಿಸಬೇಡಿ. 33ಕ್ಕೆ ಇಳಿಸಿದರೆ ಮಾರನೇ ದಿನ ಬೆಳಿಗ್ಗೆ ಸುಮಾರು 29ಕ್ಕೆ ಇಳಿದಿರುತ್ತದೆ, ಸಿಡಿಯುವ ಅಪಾಯ ಹೆಚ್ಚಿರುವುದು ಹೀಗೆ ಗಾಳಿ ಕಮ್ಮಿ ಇಟ್ಟುಕೊಂಡು ಜೋರಾಗಿ ಓಡಿಸಿದಾಗ.

ಆದರೆ ಈ ಸುಳ್ಳಿನ ಹಿಂದೆ ಒಂದು ಸಣ್ಣ ನಿಜ ಅಡಗಿದೆ. ಅದು ನೀರು. ಮಳೆಗಾಲದಲ್ಲಿ ರಸ್ತೆಬದಿಯ ಕಂಪ್ರೆಸರ್ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿ ನೋಡಿ, ಎಷ್ಟು ನೀರು ಬರುತ್ತದೆ ಅಂತ. ಆ ನೀರನ್ನು ದಿನಾ ಬಸಿಯದಿದ್ದರೆ ಅದು ನಿಮ್ಮ ಟೈರಿಗೂ ಹೋಗುತ್ತದೆ. ಒಳಗೆ ಹನಿ ನೀರಿದ್ದು ಟೈರು ಬಿಸಿಯಾದರೆ ಆ ನೀರು ಆವಿಯಾಗಿ ತನ್ನದೇ ಒತ್ತಡ ಸೇರಿಸುತ್ತದೆ. 30 ಡಿಗ್ರಿಯಲ್ಲಿ ಅದು 0.6 ಪಿಎಸ್‌ಐ, 60 ಡಿಗ್ರಿಯಲ್ಲಿ ಸುಮಾರು 3. ಉಕ್ಕಿನ ರಿಮ್‌ಗೆ ತುಕ್ಕೂ ಹಿಡಿಯುತ್ತದೆ. ನೈಟ್ರೋಜನ್ ಯಂತ್ರದಲ್ಲಿ ನೀರಿಗೆ ಜಾಗ ಇಲ್ಲ, ಇದ್ದಿಲಿನ ಸಂದುಗಳಿಗೆ ನೀರು, ಎಣ್ಣೆ ಎರಡೂ ಶತ್ರು, ಅದಕ್ಕೇ ಮೊದಲೇ ಫಿಲ್ಟರ್ ಮಾಡಿ ಒಣಗಿಸಿ ಕಳಿಸುತ್ತಾರೆ. ಹಾಗಾಗಿ ನೀವು ದುಡ್ಡು ಕೊಡುತ್ತಿರುವುದು ಮುಖ್ಯವಾಗಿ ಒಣ ಗಾಳಿಗೆ. ಅದು ಬೋರ್ಡಿನಲ್ಲಿ ಎಲ್ಲೂ ಬರೆದಿಲ್ಲ!

ಎರಡನೇ ಸಾಲು: "ಗಾಳಿ ಇಳಿಯುವುದೇ ಇಲ್ಲ". ಇಳಿಯುತ್ತದೆ, ಸ್ವಲ್ಪ ನಿಧಾನವಾಗಿ. ರಬ್ಬರಿನ ಮೂಲಕ ಆಕ್ಸಿಜನ್ ಬೇಗ ಸೋರುತ್ತದೆ, ನೈಟ್ರೋಜನ್ ತಡವಾಗಿ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2006ರಲ್ಲಿ 31 ಮಾದರಿಯ ಟೈರುಗಳಿಗೆ 30 ಪಿಎಸ್‌ಐ ತುಂಬಿ ಒಂದು ವರ್ಷ ಸುಮ್ಮನೆ ಇಟ್ಟು ನೋಡಿತು. ಮಾಮೂಲಿ ಗಾಳಿ ಸರಾಸರಿ 3.5 ಇಳಿಯಿತು, ನೈಟ್ರೋಜನ್ 2.2. ವರ್ಷಕ್ಕೆ 1.3 ಪಿಎಸ್‌ಐ ವ್ಯತ್ಯಾಸ. ನಿಮ್ಮ ಬಂಕಿನ ಮೀಟರೇ ಅದಕ್ಕಿಂತ ಜಾಸ್ತಿ ತಪ್ಪು ತೋರಿಸಬಹುದು. ಅದೂ ಅಲ್ಲದೆ ಆಕ್ಸಿಜನ್ ಮೊದಲು ಸೋರುತ್ತದೆ ಅಂದಮೇಲೆ, ಬರೀ ಗಾಳಿ ಮೇಲೆ ಮೇಲೆ ಹೊಡೆಸುತ್ತ ಬಂದ ಹಳೆ ಟೈರಿನಲ್ಲೂ ನೈಟ್ರೋಜನ್ ಪಾಲು ತಾನಾಗಿಯೇ ಏರುತ್ತ ಹೋಗುತ್ತದೆ. ಪುಕ್ಕಟೆ!

ಈಗ ನನಗೆ ಮೈ ಉರಿದ ಭಾಗ. ಬಂಕಿಗೆ ಹೋದಾಗ ಟೈರಿನಲ್ಲಿ 25 ಇತ್ತು, ಒಳಗಿದ್ದಿದ್ದು ಮಾಮೂಲಿ ಗಾಳಿ. ಹುಡುಗ ಬಂದವನೇ ಪೈಪು ಸಿಕ್ಕಿಸಿ 33ಕ್ಕೆ ಏರಿಸಿ, ನೈಟ್ರೋಜನ್ ತುಂಬಿದ ಗುರುತಿಗೆ ಹಸಿರು ಮುಚ್ಚಳ ಹಾಕಿ, ಪೂರ್ತಿ ದುಡ್ಡು ಕೇಳಿದ. "ಹಳೆ ಗಾಳಿ ತೆಗೆಯಲಿಲ್ವಲ್ಲ?" ಅಂದರೆ, "ಬೇಡ ಸಾರ್, ಇದು ಅದನ್ನ ತಳ್ಳಿಬಿಡುತ್ತೆ" ಅಂದ. ಎಲ್ಲಿಗೆ ತಳ್ಳುತ್ತೆ ಮಾರಾಯ? ಟೈರಿಗೆ ಇರುವುದು ಒಂದೇ ಬಾಯಿ. 25 ಇದ್ದ ಗಾಳಿಗೆ ಎಂಟು ಪಿಎಸ್‌ಐ ನೈಟ್ರೋಜನ್ ಸೇರಿಸಿದರೆ, ಅದು 95 ಭಾಗ ಶುದ್ಧ ಅಂತಲೇ ಇಟ್ಟುಕೊಳ್ಳಿ, ಒಳಗೆ ಆಗುವುದು 81ರ ಆಸುಪಾಸು. 78 ಇದ್ದಿದ್ದು 81 ಆಯಿತು. ಇಷ್ಟಕ್ಕೆ ಹಸಿರು ಮುಚ್ಚಳ ಬೇರೆ.

ಟೈರ್ ಅಂಗಡಿಯವರು ಹಾಗೆ ಮಾಡಲಿಲ್ಲ. ಗಾಡಿ ಜಾಕ್ ಮೇಲೆ ಏರಿಸಿದರು, ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟರು, ತುಂಬಿದರು. ಪೂರ್ತಿ ಬಿಟ್ಟರೂ ಟೈರಿನೊಳಗೆ ಹೊರಗಿನ ಗಾಳಿಯಷ್ಟೇ ಒತ್ತಡದ ಗಾಳಿ ಉಳಿದೇ ಇರುತ್ತದೆ, ಅದಕ್ಕೇ ಒಂದು ಸಲ ಹೀಗೆ ಮಾಡಿದರೆ ಸುಮಾರು 90 ಭಾಗ ಬರುತ್ತದೆ. ಇನ್ನೊಂದು ಸಲ ಬಿಟ್ಟು ತುಂಬಿದರೆ 93 ದಾಟುತ್ತದೆ. ಎರಡನೇ ಸಲ ನಾನಾಗಿ ಕೇಳಬೇಕಾಯಿತು, ಕೇಳಿದ ಮೇಲೆ ಮುಖ ಸಿಂಡರಿಸದೆ ಮಾಡಿಕೊಟ್ಟರು. ಇನ್ನೊಂದು ಮೆಚ್ಚುಗೆಯಾಗಿದ್ದು, ಯಂತ್ರದ ಮೇಲೆ ಶುದ್ಧತೆ ತೋರಿಸುವ ಮೀಟರ್ ಇತ್ತು ಮತ್ತು ಅದು ಕೆಲಸ ಮಾಡುತ್ತಿತ್ತು. ಅಲ್ಲೊಂದು ಕಿವಿಮಾತು: ಆ ಮೀಟರ್ ಅಳೆಯುವುದು ಉಳಿದ ಆಕ್ಸಿಜನ್ ಎಷ್ಟು ಅಂತ, ನೂರರಲ್ಲಿ ಅದನ್ನು ಕಳೆದು ಉಳಿದಿದ್ದೆಲ್ಲ ನೈಟ್ರೋಜನ್ ಅಂತ ತೋರಿಸುತ್ತದೆ. ಆರ್ಗಾನ್ ಕೂಡ ಅದರಲ್ಲೇ ಸೇರಿರುತ್ತದೆ. ಟೈರಿಗೆ ಅದರಿಂದ ತೊಂದರೆ ಇಲ್ಲ ಬಿಡಿ.

ನೀವು ಹೋದಾಗ ಸಾಲಾಗಿ ನಾಲ್ಕೈದು ಗಾಡಿ ನಿಂತಿದ್ದರೆ ಆ ಮೀಟರಿನ ಮೇಲೆ ಒಂದು ಕಣ್ಣಿಡಿ. ಕಾಳುಗಳಿಗೆ ಆಕ್ಸಿಜನ್ ಹಿಡಿಯಲು ಒಂದಿಷ್ಟು ಹೊತ್ತು ಬೇಕು, ಗ್ಯಾಸನ್ನು ಅವಸರಕ್ಕೆ ಎಳೆದುಕೊಂಡರೆ ಆಕ್ಸಿಜನ್ ಕೂಡ ಜೊತೆಯಲ್ಲೇ ನುಸುಳಿ ಬರುತ್ತದೆ. ಲಾರಿಯೊಂದರ ಎಲ್ಲ ಚಕ್ರ ತುಂಬಿ ಮುಗಿಸುವ ಹೊತ್ತಿಗೆ ನನ್ನ ಕಣ್ಣೆದುರೇ ಅಂಕಿ ಇಳಿಯಿತು.

ಬಂಕಿನ ಬಗ್ಗೆ ಇನ್ನೊಂದು ದೂರು, ನೈಟ್ರೋಜನ್‌ಗೆ ಸಂಬಂಧ ಇಲ್ಲದಿದ್ದರೂ ಇದ್ದಿಲಿಗೆ ಸಂಬಂಧ ಇದೆ. ಪೆಟ್ರೋಲ್ ಹಾಕುವಾಗ ಗನ್ ತಾನಾಗಿ ಕಟ್ ಆದ ಮೇಲೂ "ರೌಂಡ್ ಫಿಗರ್ ಮಾಡಿಬಿಡ್ತೀನಿ ಸಾರ್" ಅಂತ ಮತ್ತೆ ಮತ್ತೆ ಒತ್ತಿದ. ಈಗಿನ ಪೆಟ್ರೋಲ್ ಕಾರುಗಳಲ್ಲಿ, ಬಿಎಸ್6 ಸ್ಕೂಟರ್ ಬೈಕುಗಳಲ್ಲೂ, ಒಂದು ಇದ್ದಿಲು ಡಬ್ಬಿ ಇರುತ್ತದೆ, ಕ್ಯಾನಿಸ್ಟರ್ ಅಂತಾರೆ. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಅದು ಹಿಡಿದಿಟ್ಟುಕೊಂಡು, ಇಂಜಿನ್ ಓಡುವಾಗ ಬಿಟ್ಟುಕೊಡುತ್ತದೆ, ಆ ಆವಿ ಸುಮ್ಮನೆ ಗಾಳಿಗೆ ಹೋಗದೆ ಇಂಜಿನ್‌ನಲ್ಲೇ ಉರಿಯುತ್ತದೆ. ಟ್ಯಾಂಕ್ ಕತ್ತಿನವರೆಗೆ ತುಂಬಿದರೆ ಆವಿಯ ಬದಲು ಪೆಟ್ರೋಲೇ ಆ ಡಬ್ಬಿಗೆ ನುಗ್ಗಬಹುದು, ನುಗ್ಗಿದರೆ ಇದ್ದಿಲು ಕೆಟ್ಟು ಹೋಗುತ್ತದೆ. ರೌಂಡ್ ಫಿಗರ್ ಮಾಡಿಸುವ ಚಪಲ ಇರುವವರು ಶುರುವಿನಲ್ಲೇ ರೌಂಡ್ ಮೊತ್ತ ಹೇಳಿ ಹಾಕಿಸಿ.

ನೈಟ್ರೋಜನ್ ಬರೀ ಬೂಟಾಟಿಕೆ ಅಂತ ನಾನು ಹೇಳುತ್ತಿಲ್ಲ. ವಿಮಾನದ ಟೈರಿಗೆ ಅದು ಬೇಕೇ ಬೇಕು. 1986ರ ಮಾರ್ಚ್ 31ರಂದು ಮೆಕ್ಸಿಕಾನಾ ಕಂಪನಿಯ ಬೋಯಿಂಗ್ 727 ವಿಮಾನ ಮೆಕ್ಸಿಕೋದಲ್ಲಿ ಬಿದ್ದು 167 ಜನ ಸತ್ತರು. ಬ್ರೇಕ್ ಕಾದು ಕೆಂಡವಾಗಿ, ನೈಟ್ರೋಜನ್ ಬದಲು ಮಾಮೂಲಿ ಗಾಳಿ ತುಂಬಿದ್ದ ಟೈರು ಹಾರಾಟದಲ್ಲೇ ಸಿಡಿದಿತ್ತು. ದೊಡ್ಡ ವಿಮಾನಗಳ ಬ್ರೇಕ್ ಇರುವ ಚಕ್ರಗಳಲ್ಲಿ ಆಕ್ಸಿಜನ್ ನೂರಕ್ಕೆ ಐದು ಭಾಗ ಮೀರಬಾರದು ಅಂತ ಅಮೆರಿಕದಲ್ಲಿ ನಿಯಮವೇ ಇದೆ. ಅಲ್ಲಿ ಪ್ರಶ್ನೆ ಗಾಳಿ ಹಿಗ್ಗುವುದರದ್ದಲ್ಲ, ಕಾದ ರಬ್ಬರ್ ಉರಿಯಲು ಆಕ್ಸಿಜನ್ ಸಿಗಬಾರದು ಅನ್ನುವುದರದ್ದು. ನಮ್ಮ ಕಾರು ಅಷ್ಟು ಕಾಯುವುದಿಲ್ಲ. ಮೈಸೂರು ಹೆದ್ದಾರಿಯಲ್ಲಿ ಎಷ್ಟೇ ಜೋರಾಗಿ ಹೋದರೂ!

ಹಾಗಾದರೆ ಯಾರು ಹಾಕಿಸಬೇಕು? ಗಾಡಿ ವಾರಗಟ್ಟಲೆ ನಿಂತೇ ಇರುತ್ತದೆ, ಗಾಳಿ ನೋಡಲು ಪುರುಸೊತ್ತಿಲ್ಲ ಅನ್ನುವವರು ಹಾಕಿಸಬಹುದು. ಹೊಸ ಟೈರ್ ಹಾಕಿಸುವಾಗ ಹೇಗೂ ಖಾಲಿಯಿಂದ ತುಂಬಬೇಕಲ್ಲ, ಆಗ ಹಾಕಿಸಿ. ಸ್ಟೆಪ್ನಿಗೆ ಹಾಕಿಸುವುದು ಇನ್ನೂ ಒಳ್ಳೆಯದು, ಅದನ್ನು ಯಾರೂ ನೋಡುವುದಿಲ್ಲ, ಬೇಕಾದ ದಿನ ಚಪ್ಪಟೆಯಾಗಿರುತ್ತದೆ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಗಾಳಿ ನೋಡಿಸುವವರಿಗೆ ಇದು ಬೇಡ, ಬಂಕಿನಲ್ಲಿ ಗಾಳಿ ಪುಕ್ಕಟೆ ಕೊಡಲೇಬೇಕು, ಅದನ್ನು ಕೇಳಿ ಪಡೆಯಿರಿ. ಇನ್ನು ನೈಟ್ರೋಜನ್ ಹಾಕಿಸಿದ್ದೇನೆ ಅಂತ ದಾರಿಯಲ್ಲಿ ಗಾಳಿ ಕಮ್ಮಿಯಾದರೂ ಮಾಮೂಲಿ ಗಾಳಿ ಹೊಡೆಸದೆ ಹಾಗೇ ಓಡಿಸಬೇಡಿ. ಬೆರೆತರೆ ಏನೂ ಆಗುವುದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಒಬ್ಬರು "ಎರಡೂ ಸೇರಿದ್ರೆ ರಿಯಾಕ್ಷನ್ ಆಗುತ್ತೆ" ಅಂತ ಹೆದರಿಸುತ್ತಿದ್ದರು. ನಾವು ಉಸಿರಾಡುವುದೇ ಎರಡೂ ಸೇರಿದ್ದನ್ನು ಸ್ವಾಮಿ.

ಅಂಗಡಿ ಆರಿಸುವಾಗ ನಾನು ನೋಡುವುದು ಮೂರೇ. ಹಳೆ ಗಾಳಿ ಪೂರ್ತಿ ಬಿಡುತ್ತಾರಾ, ಶುದ್ಧತೆಯ ಮೀಟರ್ ಉರಿಯುತ್ತಿದೆಯಾ, ಭುಸ್ ಅನ್ನುವ ಪೈಪಿನ ಬಾಯಲ್ಲಿ ಕರಿ ಪುಡಿ ಇದೆಯಾ. ಕರಿ ಪುಡಿ ಕಂಡರೆ ಒಳಗಿನ ಕಾಳುಗಳು ಒಂದಕ್ಕೊಂದು ಉಜ್ಜಿ ಪುಡಿಯಾಗುತ್ತಿವೆ ಅಂತ ಅರ್ಥ. ಅಂಥ ಯಂತ್ರದಿಂದ ಬರುವ ಗ್ಯಾಸ್ ದಿನದಿಂದ ದಿನಕ್ಕೆ ಮಾಮೂಲಿ ಗಾಳಿಗೆ ಹತ್ತಿರವಾಗುತ್ತಿರುತ್ತದೆ. ಪೀಣ್ಯದಲ್ಲಿ ನಾವು ಬೆಳಿಗ್ಗೆ ಬಂದ ತಕ್ಷಣ ಅಲ್ಲಿ ಬಿಳಿ ಬಟ್ಟೆ ಹಿಡಿದು ನೋಡುತ್ತಿದ್ದೆವು. ಇಲ್ಲಿ ಬಟ್ಟೆ ಹಿಡಿಯುವುದು ಅತಿಯಾಯಿತು, ಬೆರಳು ಆಡಿಸಿ ನೋಡಿದೆ. ಟೈರ್ ಅಂಗಡಿಯದು ಸ್ವಚ್ಛ. ಬಂಕಿನದು ನೋಡಲು ಬಿಡಲಿಲ್ಲ.

ದರದ ವಿಷಯ. ಟೈರ್ ಅಂಗಡಿಯಲ್ಲಿ ಖಾಲಿ ಮಾಡಿ ತುಂಬಲು ಚಕ್ರಕ್ಕೆ 50 ರೂಪಾಯಿ ತಗೊಂಡರು, ಅಲ್ಲೇ ತುಂಬಿಸಿದವರಿಗೆ ಆಮೇಲೆ ಕಮ್ಮಿಯಾದಷ್ಟು ಹಾಕಲು 10. ಎರಡು ಸಲ ಬಿಟ್ಟು ತುಂಬಿದ್ದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಸ್ಟೆಪ್ನಿ ಹೊರಗೆ ತೆಗೆಯಲು ಮಾತ್ರ ಸ್ವಲ್ಪ ಗೊಣಗಿದರು, ಡಿಕ್ಕಿಯ ಸಾಮಾನು ನೀವೇ ಮೊದಲೇ ಖಾಲಿ ಮಾಡಿಕೊಂಡು ಹೋಗಿ. ಫೋನ್‌ಪೇ, ಗೂಗಲ್‌ಪೇ ಎಲ್ಲ ನಡೆಯುತ್ತದೆ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಮೊದಲ ಗಿರಾಕಿಯಾಗಿ ಹೋಗಬೇಡಿ, ಕರೆಂಟ್ ಹೋಗಿ ಬಂದ ತಕ್ಷಣವೂ ಬೇಡ. ನಿಂತಿದ್ದ ಯಂತ್ರ ಮತ್ತೆ ಹದಕ್ಕೆ ಬರಲು ಕೆಲವು ಸುತ್ತು ಭುಸ್ ಅನ್ನಬೇಕು, ಅಲ್ಲಿಯವರೆಗೆ ಬರುವುದು ಅರೆಬರೆ ಗ್ಯಾಸ್. ಹತ್ತೂವರೆ ಮೇಲೆ ಹೋದರೆ ಸರಿ. ಮಂಗಳವಾರ ರಜೆ.